ಆಗುಂಬೆ ಘಾಟಿಯಲ್ಲಿ ಎರಡನೇ ಗೇರು ‘ಕರ್’ ಎನ್ನುತ್ತದೆ: ಗೇರ್‌ಬಾಕ್ಸ್ ಇಳಿಸಲೇಬೇಕೇ?

ತುಂಗಾತೀರ, ತೀರ್ಥಹಳ್ಳಿ:

ಕಾರಿನ ಕೆಲಸ ಬಲ್ಲವರು ದಯವಿಟ್ಟು ಪೂರ್ತಿ ಓದಿ ಉತ್ತರಿಸಬೇಕು. ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರಿನದು. ಒಂದು ಲಕ್ಷ ಕಿಲೋಮೀಟರಿನ ಹತ್ತಿರ ಓಡಿದೆ. ಅಮ್ಮನ ಚಿಕಿತ್ಸೆಗಾಗಿ ಮಣಿಪಾಲಕ್ಕೆ ಆಗಾಗ ಹೋಗಿ ಬರುವುದು ನನಗೆ ತಪ್ಪದ ಕೆಲಸ. ಹೋಗುವಾಗ ಆಗುಂಬೆ ಘಾಟಿ ಇಳಿಯಬೇಕು, ಬರುವಾಗ ಸೋಮೇಶ್ವರದಿಂದ ಹತ್ತಬೇಕು. ಆ 14 ಹೇರ್‌ಪಿನ್ ತಿರುವುಗಳನ್ನು ಬಲ್ಲವರಿಗೆ ನನ್ನ ಆತಂಕ ಅರ್ಥವಾಗುತ್ತದೆ. ತಿರುವಿನ ಬಾಯಲ್ಲಿ ಗೇರು ಬೀಳದಿದ್ದರೆ ಹಿಂದಿನಿಂದ ಬರುವ ಗಾಡಿಗೆ ನಮ್ಮ ಕಾರು ಗೋಡೆಯಾಗುತ್ತದೆ.

ಮಳೆಗಾಲ ಶುರುವಾದಾಗಿನಿಂದ ಹೀಗಾಗುತ್ತಿದೆ. ಹತ್ತುವಾಗ ಮೂರರಿಂದ ಎರಡಕ್ಕೆ ಇಳಿಸಿದರೆ ಲಿವರ್ ಅರ್ಧ ದಾರಿಯಲ್ಲಿ ತಡೆಯುತ್ತದೆ. ಬಲ ಹಾಕಿದರೆ ‘ಕರ್’ ಎಂದು ಸದ್ದು ಮಾಡಿ ಬೀಳುತ್ತದೆ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಷ್ಟು ತೊಂದರೆ ಇಲ್ಲ, ಒಂದೆರಡು ಗಂಟೆ ಓಡಿಸಿದ ಮೇಲೆ ಹೆಚ್ಚು. ಊರೊಳಗೆ ಗಾಡಿ ನಿಂತಿದ್ದಾಗಲೂ ಕೆಲವೊಮ್ಮೆ ಒಂದನೇ ಗೇರು ಗಟ್ಟಿಯಾಗಿರುತ್ತದೆ. ರಿವರ್ಸ್ ಹಾಕುವಾಗ ಶಬ್ದ ಬರುತ್ತದೆ, ಆದರೆ ಅದು ಎಲ್ಲ ಕಾರಿನಲ್ಲೂ ಇರುವುದೇ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಒಬ್ಬರು ಗೇರ್‌ಬಾಕ್ಸ್ ಇಳಿಸಿ ಸಿಂಕ್ರೊ, ಅಂದರೆ ಗೇರು ಬೀಳುವಾಗ ವೇಗ ಹೊಂದಿಸುವ ರಿಂಗ್, ಬದಲಿಸಬೇಕೆಂದರು. ಇನ್ನೊಬ್ಬರು ಕ್ಲಚ್ ಪ್ಲೇಟ್ ಹೋಗಿದೆ, ಪೂರಾ ಸೆಟ್ ಹಾಕಿಬಿಡೋಣ ಎಂದರು. ಇಬ್ಬರೂ ಕಾರನ್ನು ಒಂದು ಸುತ್ತು ಓಡಿಸಿ ನೋಡಿದರೇ ಹೊರತು ಬಾನೆಟ್ ಎತ್ತಲಿಲ್ಲ. ಎರಡೂ ದೊಡ್ಡ ಖರ್ಚಿನ ಮಾತು. ಬಿಚ್ಚುವ ಮೊದಲು ದೋಷ ಯಾವ ಕಡೆ ಇದೆ ಎಂದು ನಾನೇ ಪತ್ತೆ ಮಾಡಿಕೊಳ್ಳುವ ದಾರಿ ಇದೆಯೇ?

ಕರಾವಳಿ ಸಾರಥಿ, ಮಂಗಳೂರು:

ಮೇಡಂ, ನಾನು ಟ್ಯಾಕ್ಸಿ ಓಡಿಸುವವನು. ಮೊದಲು ಕಾಲ ಕೆಳಗಿನ ಮ್ಯಾಟ್ ತೆಗೆದು ನೋಡಿ. ಮಳೆಗಾಲಕ್ಕೆಂದು ದಪ್ಪ ರಬ್ಬರ್ ಮ್ಯಾಟ್ ಹಾಕಿಸಿದ್ದರೆ ಕ್ಲಚ್ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ. ಕೊನೆಯ ಎರಡು ಬೆರಳು ಅಂತರದಲ್ಲೇ ಕ್ಲಚ್ ಎಂಜಿನ್ನಿನ ಹಿಡಿತ ಬಿಡುವ ಗಾಡಿಗಳಲ್ಲಿ ಅಷ್ಟೇ ಸಾಕು, ಗೇರು ಹಟ ಹಿಡಿಯುತ್ತದೆ. ಹೊಸ ಮ್ಯಾಟಿನ ಮೇಲೆ ಹಳೆಯ ಮ್ಯಾಟ್ ಹಾಕಿಕೊಂಡು ಓಡಿಸುವವರನ್ನೂ ನೋಡಿದ್ದೇನೆ. ಅದಲ್ಲವಾದರೆ ಗೇರ್ ಆಯಿಲ್ ಬದಲಿಸಿ. ದಪ್ಪ ಆಯಿಲ್, 85ಡಬ್ಲ್ಯು-140 ಹಾಕಿದರೆ ಶಬ್ದ ಅಡಗುತ್ತದೆ. ನಮ್ಮ ಸ್ಟ್ಯಾಂಡಿನಲ್ಲಿ ಹಲವರು ಹಾಗೆ ಮಾಡುತ್ತಾರೆ.

ಡಿಪೋ ಮೆಕ್ಯಾನಿಕ್, ದಾವಣಗೆರೆ:

ಮೇಡಂ, ಬಸ್ ಡಿಪೋದಲ್ಲಿ ಕ್ಲಚ್ ಮತ್ತು ಗೇರ್‌ಬಾಕ್ಸ್ ವಿಭಾಗದಲ್ಲೇ ದುಡಿದು ನಿವೃತ್ತನಾದವನು ನಾನು. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನೀವು ಬಹಳ ಹಗುರವಾಗಿ ಹೇಳಿ ಮುಂದೆ ಹೋದ ಎರಡು ಮಾತುಗಳನ್ನು ನಾನು ಎತ್ತಿ ಹಿಡಿಯುತ್ತೇನೆ: ನಿಂತಾಗ ಒಂದನೇ ಗೇರು ಗಟ್ಟಿ, ರಿವರ್ಸ್‌ನಲ್ಲಿ ಶಬ್ದ.

ಗಾಡಿ ನಿಂತಿದೆ ಎಂದಿಟ್ಟುಕೊಳ್ಳಿ. ಚಕ್ರ ತಿರುಗುತ್ತಿಲ್ಲ, ಆದ್ದರಿಂದ ಗೇರ್‌ಬಾಕ್ಸಿನ ಚಕ್ರದ ಕಡೆಯ ಭಾಗವೂ ತಿರುಗುತ್ತಿಲ್ಲ. ಕ್ಲಚ್ ಒತ್ತಿ ಮೂರ್ನಾಲ್ಕು ಕ್ಷಣ ಕಾದರೆ ಎಂಜಿನ್ ಕಡೆಯ ಶಾಫ್ಟ್ ಕೂಡ ತಾನೇ ನಿಲ್ಲಬೇಕು. ಎರಡೂ ನಿಂತ ಮೇಲೆ ಹಲ್ಲಿಗೆ ಹಲ್ಲು ತಾಗಿ ಕರಕರ ಎನ್ನಲು ಕಾರಣವೇ ಇಲ್ಲ. ಹೆಚ್ಚಿನ ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೊ ಇರುವುದಿಲ್ಲ, ಆದ್ದರಿಂದ ಆತುರದಲ್ಲಿ ಹಾಕಿದರೆ ಒಂದು ಸಣ್ಣ ಸದ್ದು ಸಹಜ. ಕಾದು ಹಾಕಿದರೂ ಸದ್ದು ಬಂದರೆ ಸಹಜವಲ್ಲ. ಕ್ಲಚ್ ಒತ್ತಿದ್ದರೂ ಎಂಜಿನ್ ಆ ಶಾಫ್ಟನ್ನು ಇನ್ನೂ ಎಳೆದು ತಿರುಗಿಸುತ್ತಿದೆ ಎಂದೇ ಅರ್ಥ. ನಾವು ಡಿಪೋದಲ್ಲಿ ಇದಕ್ಕೆ ‘ಕ್ಲಚ್ ಪೂರ್ತಿ ಬಿಡುತ್ತಿಲ್ಲ’ ಎನ್ನುತ್ತಿದ್ದೆವು.

ಪ್ಲೇಟ್ ಸವೆಯುವುದು ಇದಕ್ಕೆ ತದ್ವಿರುದ್ಧದ ರೋಗ. ಪ್ಲೇಟ್ ಸವೆದರೆ ಕ್ಲಚ್ ಹಿಡಿಯುವುದಿಲ್ಲ, ಜಾರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಇದರಲ್ಲಿ ಯಾವುದನ್ನೂ ನೀವು ಹೇಳಿಲ್ಲ. ಆಗುಂಬೆ ಏರನ್ನು ಹತ್ತಿ ಬರುತ್ತಿರುವ ಗಾಡಿಯ ಪ್ಲೇಟಿನ ಮೇಲೆ ನನಗೆ ಅನುಮಾನವಿಲ್ಲ.

ಈಗ ನೀವೇ ಮಾಡಬಹುದಾದ ಪರೀಕ್ಷೆ. ಸಮತಟ್ಟಾದ ಜಾಗ ಬೇಕು, ಕಾರಿನ ಹಿಂದೆ ಮುಂದೆ ಯಾರೂ ಇರಬಾರದು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಮೊದಲು ಎಂಜಿನ್ ಆಫ್ ಮಾಡಿಯೇ ಕ್ಲಚ್ ಒತ್ತಿ ಒಂದರಿಂದ ಐದರವರೆಗೆ, ಆಮೇಲೆ ರಿವರ್ಸ್, ಹೀಗೆ ಎಲ್ಲ ಗೇರನ್ನೂ ಹಾಕಿ ನೋಡಿ. ಆಗಲೂ ಗಟ್ಟಿಯಾಗಿದ್ದರೆ ದೋಷ ಲಿವರಿನಿಂದ ಗೇರ್‌ಬಾಕ್ಸಿನವರೆಗಿನ ದಾರಿಯಲ್ಲಿದೆ: ಕೇಬಲ್ ತುಕ್ಕು ಹಿಡಿದಿರಬಹುದು, ಬುಷ್ ಸವೆದಿರಬಹುದು. ಸಲೀಸಾಗಿ ಬಿದ್ದರೆ ಆ ದಾರಿ ಚೆನ್ನಾಗಿದೆ.

ನಂತರ ಎಂಜಿನ್ ಶುರು ಮಾಡಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಪೂರ್ತಿ ಒತ್ತಿ ಐದರವರೆಗೆ ಎಣಿಸಿ ರಿವರ್ಸ್ ಹಾಕಿ. ಶಬ್ದ ಬಂದರೆ ನ್ಯೂಟ್ರಲ್‌ಗೆ ತನ್ನಿ. ಈಗ ಕ್ಲಚ್ ಪೆಡಲನ್ನು ನಾಲ್ಕೈದು ಸಲ ಬೇಗಬೇಗ ತುಳಿದು, ಕೊನೆಯ ತುಳಿತದಲ್ಲಿ ಒತ್ತಿ ಹಿಡಿದು, ಮತ್ತೆ ಐದರವರೆಗೆ ಎಣಿಸಿ ರಿವರ್ಸ್ ಹಾಕಿ. ಎರಡನೆಯ ಸಲ ಏನಾಗುತ್ತದೆ ಎಂಬುದನ್ನು ನನಗೆ ಹೇಳಲೇಬೇಕು.

ಕೊನೆಗೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ನಿಮ್ಮದು ಕೇಬಲ್ ಕ್ಲಚ್ಚೋ ಆಯಿಲ್ ಕ್ಲಚ್ಚೋ ತಿಳಿಸಿ. ಆ ಡಬ್ಬಿಯ ಪಕ್ಕದಿಂದ ಒಂದು ಸಣ್ಣ ಪೈಪು ಕ್ಲಚ್ ಕಡೆಗೆ ಹೋಗಿದ್ದರೆ ಆಯಿಲ್ ಕ್ಲಚ್.

ಸಾರಥಿಯವರೇ, ಮ್ಯಾಟಿನ ಮಾತು ಸರಿಯಾಗಿದೆ, ಮೇಡಂ ಅದನ್ನು ಮೊದಲು ನೋಡಲಿ. ದಪ್ಪ ಆಯಿಲ್ ಮಾತ್ರ ಬೇಡ. ಕಾರಣವನ್ನು ಮೇಡಂ ಪರೀಕ್ಷೆ ಮಾಡಿ ಬಂದ ಮೇಲೆ ಬರೆಯುತ್ತೇನೆ.

ತುಂಗಾತೀರ, ತೀರ್ಥಹಳ್ಳಿ:

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೃತಜ್ಞಳು. ಮ್ಯಾಟ್ ತೆಗೆದು ನೋಡಿದೆ, ವ್ಯತ್ಯಾಸವಿಲ್ಲ. ಶಾಲೆ ಬಿಟ್ಟ ಮೇಲೆ ಆಟದ ಮೈದಾನದ ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿದೆ.

ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ನಯವಾಗಿ ಬಿದ್ದವು. ಎಂಜಿನ್ ಓಡುವಾಗ ಕಾದು ರಿವರ್ಸ್ ಹಾಕಿದರೆ ಜೋರಾಗಿಯೇ ‘ಕರ್’ ಎಂದಿತು. ಪೆಡಲ್ ತುಳಿದು ತುಳಿದು ಹಾಕಿದಾಗ ಸದ್ದೇ ಇಲ್ಲ! ನಂಬಿಕೆ ಬಾರದೆ ಮತ್ತೆ ಮಾಡಿದೆ, ಹಾಗೇ ಆಯಿತು. ಒತ್ತಿ ಹಿಡಿದುಕೊಂಡೇ ಇದ್ದರೆ ಪೆಡಲ್ ತೀರಾ ನಿಧಾನವಾಗಿ ಇನ್ನಷ್ಟು ಕೆಳಗೆ ಇಳಿಯುವ ಹಾಗೂ ಅನ್ನಿಸಿತು.

ಡಬ್ಬಿಯಿಂದ ಕ್ಲಚ್ ಕಡೆಗೆ ಪೈಪು ಇದೆ. ಆಯಿಲ್ ಕೆಳಗಿನ ಗೆರೆಗಿಂತ ತುಸು ಮೇಲಿದೆ, ಬಣ್ಣ ಕಡು ಕಾಫಿಯಂತೆ. ಆ ಪೈಪು ಡಬ್ಬಿಗೆ ಸೇರುವ ಜಾಗಕ್ಕೂ ಆಯಿಲ್ ಮಟ್ಟಕ್ಕೂ ಹೆಚ್ಚು ಅಂತರವಿಲ್ಲ. ಬ್ರೇಕ್ ಹಿಡಿಯುವುದರಲ್ಲಿ ಏನೂ ತೊಂದರೆ ಕಂಡಿಲ್ಲ.

ಡಿಪೋ ಮೆಕ್ಯಾನಿಕ್, ದಾವಣಗೆರೆ:

ಮೇಡಂ, ಪೆಡಲ್ ತುಳಿದಾಗ ಸರಿಹೋಯಿತು ಎಂದಿರಲ್ಲ, ಅಲ್ಲಿಗೆ ಗೇರ್‌ಬಾಕ್ಸ್ ಇಳಿಸುವ ಮಾತು ಸದ್ಯಕ್ಕೆ ಬದಿಗೆ ಹೋಯಿತು. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಆಯಿಲನ್ನು ತಳ್ಳುತ್ತದೆ, ಆ ಒತ್ತಡ ಕೆಳಗಿನ ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ, ಅದು ರಿಲೀಸ್ ಬೇರಿಂಗನ್ನು ಸರಿಸಿ ಪ್ರೆಷರ್ ಪ್ಲೇಟನ್ನು ಹಿಂದೆ ಎಳೆಯುತ್ತದೆ. ದಾರಿಯಲ್ಲಿ ಗಾಳಿ ಸೇರಿದ್ದರೆ ಅಥವಾ ಸೀಲ್ ಸೋರುತ್ತಿದ್ದರೆ ನಿಮ್ಮ ಕಾಲು ಪೂರ್ತಿ ಕೆಳಗೆ ಹೋದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ತುಳಿದು ತುಳಿದು ಒತ್ತಿದಾಗ ಆಯಿಲ್ ಸ್ವಲ್ಪ ಹೆಚ್ಚು ಸೇರಿ ತಾತ್ಕಾಲಿಕವಾಗಿ ಬಿಡುತ್ತದೆ. ಒತ್ತಿ ಹಿಡಿದ ಪೆಡಲ್ ತಾನೇ ಇಳಿಯುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ.

ಇನ್ನೊಂದು ಪರೀಕ್ಷೆ ಉಳಿದಿದೆ, ಇದಕ್ಕೆ ಟಾರ್ಚ್ ಬೇಕು. ಎಂಜಿನ್ ಆಫ್ ಮಾಡಿ ಚಾಲಕರ ಸೀಟಿನ ಮುಂದೆ ಬಗ್ಗಿ, ಕ್ಲಚ್ ಪೆಡಲಿನ ಕಂಬಿ ಮೇಲೆ ಹೋಗಿ ಸೇರುವ ಜಾಗ ನೋಡಿ. ಅಲ್ಲಿಂದ ಒಂದು ಸಣ್ಣ ಕಡ್ಡಿ ಎಂಜಿನ್ ಕಡೆಯ ಗೋಡೆಯೊಳಗೆ ಹೋಗಿರುತ್ತದೆ. ಅದರ ಸುತ್ತ ಬಿಳಿ ಟಿಶ್ಯೂ ಕಾಗದ ಒತ್ತಿ ತೆಗೆಯಿರಿ. ಒದ್ದೆಯಾದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿದೆ. ಕಾಗದ ಒಣಗಿದ್ದರೂ ಸುಮ್ಮನಾಗಬೇಡಿ, ಆ ಕಂಬಿಯ ಬಣ್ಣ ನೋಡಿ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಸೋರಿದ ಜಾಗದಲ್ಲಿ ಬಣ್ಣ ಉಬ್ಬಿ, ಸಿಪ್ಪೆ ಎದ್ದು, ಒಳಗಿನ ಕಬ್ಬಿಣ ಕಾಣುತ್ತಿರುತ್ತದೆ. ಎಷ್ಟೋ ಬಸ್ಸುಗಳಲ್ಲಿ ನನಗೆ ಸೋರಿಕೆ ಸಿಕ್ಕಿದ್ದು ಆಯಿಲಿನಿಂದಲ್ಲ, ಎದ್ದ ಬಣ್ಣದಿಂದ. ನೋಡಿದ ಮೇಲೆ ಕೈ ಸೋಪು ಹಾಕಿ ತೊಳೆದುಕೊಳ್ಳಿ, ಕಾರಿನ ಹೊರಮೈಗೆ ಅದೇ ಕೈ ತಾಗಿಸಬೇಡಿ.

ಅಲ್ಲಿ ಏನೂ ಇಲ್ಲದಿದ್ದರೆ ಕೆಳಗಿನ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚು ಒದ್ದೆಯಿದೆಯೇ ಎಂದು ಮೆಕ್ಯಾನಿಕ್ ಕಾರನ್ನು ಎತ್ತಿ ನೋಡಬೇಕು. ಕೆಲವು ಕಾರುಗಳಲ್ಲಿ ಸ್ಲೇವ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ. ಹಾಗಿದ್ದು ಅದೇ ಸೋರುತ್ತಿದ್ದರೆ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ.

ಬ್ರೇಕ್ ಸರಿಯಿದೆ ಎಂದಿರಿ, ಸಂತೋಷ. ಒಂದೇ ಡಬ್ಬಿಯಿಂದ ಎರಡಕ್ಕೂ ಆಯಿಲ್ ಕೊಡುವಾಗ ಕ್ಲಚ್ಚಿನ ಪೈಪನ್ನು ಮೇಲ್ಗಡೆಯೇ ಜೋಡಿಸಿರುತ್ತಾರೆ. ಆಯಿಲ್ ಇಳಿದರೆ ಮೊದಲು ಕ್ಲಚ್ ಸಾಯಲಿ, ಬ್ರೇಕಿಗೆ ಉಳಿಯಲಿ ಎಂಬುದೇ ಅದರ ಉದ್ದೇಶ. ಮಟ್ಟ ತಗ್ಗಿದ್ದಕ್ಕೆ ಬ್ರೇಕ್ ಪ್ಯಾಡ್ ಸವೆದಿರುವುದೂ ಒಂದು ಕಾರಣವಿರಬಹುದು, ಪ್ಯಾಡ್ ಸವೆದಂತೆ ಆಯಿಲ್ ಕೆಳಗೆ ಇಳಿಯುತ್ತದೆ. ಎರಡನ್ನೂ ನೋಡಿಸಿ. ಇದು ಗೊತ್ತಾಗುವವರೆಗೆ ಅಮ್ಮನನ್ನು ಕೂರಿಸಿಕೊಂಡು ಘಾಟಿಗೆ ಹೋಗಬೇಡಿ, ಇದು ನನ್ನ ಕಳಕಳಿಯ ಮಾತು.

ಈಗ ಆಯಿಲಿನ ಬಣ್ಣ. ಕಾಫಿ ಬಣ್ಣಕ್ಕೆ ತಿರುಗಿದ ಬ್ರೇಕ್ ಆಯಿಲ್ ಬಹಳ ಹಳೆಯದು. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವವರಿಗೆ ಈ ಅಂಕಿ ಪ್ರಾಣದ ಪ್ರಶ್ನೆ, ಏಕೆಂದರೆ ಕುದಿದು ಆವಿಯಾದರೆ ಬ್ರೇಕ್ ಪೆಡಲ್ ಟೊಳ್ಳಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ರೂಢಿ ಮಾಡಿಕೊಳ್ಳಿ.

ಕರಾವಳಿ ಸಾರಥಿ, ಮಂಗಳೂರು:

ಸರ್, ದಪ್ಪ ಆಯಿಲ್ ಯಾಕೆ ಬೇಡ ಎಂದು ಹೇಳುವುದು ಬಾಕಿ ಇದೆ. ಮತ್ತೊಂದು ಸಂಶಯ. ಕ್ಲಚ್ ಬಿಡದಿರುವುದೇ ರೋಗವಾದರೆ ಘಾಟಿಯಲ್ಲಿ ಎರಡನೇ ಗೇರೊಂದೇ ಯಾಕೆ ಅಷ್ಟು ಕಾಡಬೇಕು? ಮೂರು, ನಾಲ್ಕು ಕೂಡ ಸದ್ದು ಮಾಡಬೇಕಲ್ಲ?

ಡಿಪೋ ಮೆಕ್ಯಾನಿಕ್, ದಾವಣಗೆರೆ:

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಸಿಂಕ್ರೊ ರಿಂಗ್ ಮಾಡುವ ಕೆಲಸ ಗೊತ್ತಿರಬೇಕು. ಓಡುವ ಬಸ್ಸನ್ನು ಹತ್ತುವವನು ಮೊದಲು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ವೇಗ ಸರಿಸಮವಾದ ಮೇಲೆ ಕಾಲಿಡುತ್ತಾನಲ್ಲ, ಗೇರಿನ ಹಲ್ಲುಗಳಿಗೂ ಆ ನಾಲ್ಕು ಹೆಜ್ಜೆ ಬೇಕು. ಅದನ್ನು ಓಡಿಸುವುದು ಹಿತ್ತಾಳೆಯ ಆ ರಿಂಗ್. ರಿಂಗಿನ ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳಿರುತ್ತವೆ. ಅವು ಗೇರಿನ ಶಂಕುವಿನ ಮೇಲಿನ ಆಯಿಲ್ ಪದರವನ್ನು ಕತ್ತರಿಸಿ ಹಿಡಿತ ಸಾಧಿಸುತ್ತವೆ. ವೇಗ ಹೊಂದುವವರೆಗೆ ರಿಂಗ್ ಲಿವರನ್ನು ತಡೆದು ನಿಲ್ಲಿಸುತ್ತದೆ, ಹೊಂದಿದ ಕೂಡಲೇ ದಾರಿ ಬಿಡುತ್ತದೆ. ಇಂಥ ಏರ್ಪಾಡು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ನಮ್ಮಲ್ಲಿ ಹಳೆಯ ಅಂಬಾಸಿಡರ್‌ನ ಒಂದನೇ ಗೇರಿಗೆ ಅದು ಇರಲಿಲ್ಲ. ಅದನ್ನು ಓಡಿಸಿದವರಿಗೆ ಗಾಡಿ ಪೂರ್ತಿ ನಿಂತ ಮೇಲೆಯೇ ಒಂದನೇ ಗೇರು ಹಾಕುವ ಅಭ್ಯಾಸ ಇಂದಿಗೂ ಉಳಿದಿರುತ್ತದೆ.

ಈಗ ಘಾಟಿಗೆ ಬನ್ನಿ. ಮೂರನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ, ಸಣ್ಣ ಕಾರುಗಳಲ್ಲಿ ಅದೇ ವೇಗಕ್ಕೆ ಎರಡನೇ ಗೇರಿನಲ್ಲಿ ಸುಮಾರು 2200 ಬೇಕು. ರಿಂಗ್ ಆ ಶಾಫ್ಟನ್ನು 1500ರಿಂದ 2200ಕ್ಕೆ ಏರಿಸಬೇಕು, ಅದೂ ಒಂದು ಕ್ಷಣದೊಳಗೆ. ಅದೇ ಹೊತ್ತಿಗೆ ನೀವು ಆಕ್ಸಿಲರೇಟರ್ ಬಿಟ್ಟಿರುವುದರಿಂದ ಎಂಜಿನ್ ವೇಗ ಕೆಳಗೆ ಇಳಿಯುತ್ತಿರುತ್ತದೆ. ಕ್ಲಚ್ ಪೂರ್ತಿ ಬಿಟ್ಟಿದ್ದರೆ ಅದರಿಂದ ತೊಂದರೆಯಿಲ್ಲ. ಬಿಡದಿದ್ದರೆ ರಿಂಗ್ ಮೇಲಕ್ಕೆ ಎಳೆಯುವಾಗ ಎಂಜಿನ್ ಕೆಳಕ್ಕೆ ಎಳೆಯುತ್ತದೆ. ಐದರಿಂದ ನಾಲ್ಕಕ್ಕೆ ಬರುವಾಗ ಈ ಅಂತರ ಕಡಿಮೆ, ಆದ್ದರಿಂದ ದೋಷ ಮುಚ್ಚಿಹೋಗುತ್ತದೆ. ಎರಡರಲ್ಲಿ ಅಂತರ ಹೆಚ್ಚು, ಬಳಕೆಯೂ ಹೆಚ್ಚು. ಸಾಮಾನ್ಯವಾಗಿ ಕಾರುಗಳಲ್ಲಿ ಬೇಗ ಸವೆಯುವುದು ಎರಡನೆಯ ರಿಂಗೇ. ಮೇಡಂ ಕಾರಿನಲ್ಲೂ ಅದು ಒಂದಷ್ಟು ಸವೆದಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಕ್ಲಚ್ ಸರಿಪಡಿಸದೆ ಹೊಸ ರಿಂಗ್ ಹಾಕಿದರೆ ಅದನ್ನೂ ಇದೇ ಕ್ಲಚ್ ತಿಂದುಹಾಕುತ್ತದೆ.

ದಪ್ಪ ಆಯಿಲ್ ಹಾಕಿದರೆ ಆ ಸಣ್ಣ ಗೆರೆಗಳು ಪದರವನ್ನು ಬೇಗ ಕತ್ತರಿಸಲಾರವು. ಶಬ್ದ ಕಡಿಮೆಯಾದಂತೆ ಕಾಣಬಹುದು, ಗೇರು ಮಾತ್ರ ಇನ್ನಷ್ಟು ತಡವಾಗಿ ಬೀಳುತ್ತದೆ, ಬೆಳಿಗ್ಗೆಯ ಚಳಿಯಲ್ಲಂತೂ ಕಲ್ಲಾಗುತ್ತದೆ. ಇನ್ನೊಂದು ಅಪಾಯ ದರ್ಜೆಯದು. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ಬರೆದಿರುತ್ತದೆ. ಲಾರಿಯ ಹಿಂದಿನ ಆಕ್ಸಲ್‌ನಂಥ ಭಾರಿ ಒತ್ತಡದ ಜಾಗಕ್ಕೆ ಜಿಎಲ್-5, ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು. ಅವು ಹಿತ್ತಾಳೆಗೆ ಹಿತವಲ್ಲ. ಜೊತೆಗೆ ರಿಂಗಿಗೆ ಬೇಕಾದ ಘರ್ಷಣೆಯನ್ನೇ ಕಡಿಮೆ ಮಾಡಬಲ್ಲವು. ಐದು ಎಂಬ ಅಂಕಿ ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಉತ್ತಮ ಎಂದು ಅಂಗಡಿಯಲ್ಲಿ ಕೊಟ್ಟುಬಿಡುತ್ತಾರೆ. ಕಾರಿನ ಕೈಪಿಡಿಯಲ್ಲಿ ಏನು ಹೇಳಿದೆಯೋ ಅದನ್ನೇ ಹಾಕಿ. ಈ ಬಗೆಯ ಹೆಚ್ಚಿನ ಕಾರುಗಳಿಗೆ 75ಡಬ್ಲ್ಯು ವರ್ಗದ ತೆಳು ಆಯಿಲ್, ಸುಮಾರು ಎರಡು ಲೀಟರ್ ಸಾಕು.

ತುಂಗಾತೀರ, ತೀರ್ಥಹಳ್ಳಿ:

ಟಿಶ್ಯೂ ಒದ್ದೆಯಾಯಿತು ಸರ್. ಪೆಡಲಿನ ಕಂಬಿಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲ ಕಪ್ಪು ಬಣ್ಣ ಸುರುಟಿಕೊಂಡು ಎದ್ದಿತ್ತು, ಉಗುರು ತಾಗಿಸಿದರೆ ಪೊರೆಯಂತೆ ಕಳಚಿ ಬಂತು. ಅದರ ಕೆಳಗಿನ ನೆಲಹಾಸಿನಲ್ಲೂ ಅಂಟು ಕಲೆ. ಮಳೆ ನೀರು ಒಳಗೆ ಬಂದಿದೆ ಎಂದುಕೊಂಡು ನಾವು ಅದನ್ನು ಒರೆಸುತ್ತಲೇ ಇದ್ದೆವು.

ನಮ್ಮೂರಲ್ಲೇ ಮೂರನೆಯ ಮೆಕ್ಯಾನಿಕ್ ಒಬ್ಬರಿಗೆ ನಿಮ್ಮ ಉತ್ತರ ಓದಿ ಹೇಳಿದೆ. ಅವರು ತಾವೂ ರಿವರ್ಸ್ ಹಾಕಿ ನೋಡಿ, ಕೆಳಗಿನ ಸ್ಲೇವ್ ಹೊರಗಡೆಯೇ ಇದೆ, ಒಣಗಿದೆ ಎಂದು ತೋರಿಸಿ, ಮಾಸ್ಟರ್ ಸಿಲಿಂಡರ್ ಮಾತ್ರ ಬದಲಿಸಿದರು. ಆಯಿಲ್ ಪೂರ್ತಿ ಹೊಸದು ಹಾಕಿ ಗಾಳಿ ತೆಗೆದರು. ಮುಂದಿನ ಬ್ರೇಕ್ ಪ್ಯಾಡೂ ಸವೆದಿತ್ತು, ಅದನ್ನೂ ಹಾಕಿಸಿದೆ. ಮಧ್ಯಾಹ್ನದೊಳಗೆ ಕಾರು ಕೈಗೆ ಬಂತು. ಈಗ ಒಂದನೇ ಗೇರು, ರಿವರ್ಸ್ ಎರಡೂ ಮೌನ. ಪೆಡಲ್ ಮೇಲಿನಿಂದಲೇ ಬಿಗಿಯಾಗಿ ಸಿಗುತ್ತದೆ.

ಅಮ್ಮನನ್ನು ಕರೆದುಕೊಂಡು ಹೋಗುವ ಮೊದಲು ತಮ್ಮನ ಜೊತೆ ಸೋಮೇಶ್ವರದವರೆಗೆ ಇಳಿದು ಹತ್ತಿ ಬಂದೆ. ನಿಧಾನಕ್ಕೆ ಹಾಕಿದರೆ ಎರಡನೇ ಗೇರು ಚೆನ್ನಾಗಿ ಬೀಳುತ್ತದೆ. ತಿರುವಿನಲ್ಲಿ ಎದುರಿಗೆ ಗಾಡಿ ಬಂದು ಅವಸರದಲ್ಲಿ ಎಳೆದರೆ ಮಾತ್ರ ಇನ್ನೂ ಒಂದು ಸಣ್ಣ ತಡೆ ಇದೆ, ಕೆಲವೊಮ್ಮೆ ಚಿಕ್ಕ ಸದ್ದು. ಇದು ನೀವು ಹೇಳಿದ ರಿಂಗ್ ಸವೆತವೇ? ಈಗಲೇ ಏನಾದರೂ ಮಾಡಬೇಕೇ?

ಡಿಪೋ ಮೆಕ್ಯಾನಿಕ್, ದಾವಣಗೆರೆ:

ಬಹಳ ಸಂತೋಷವಾಯಿತು ಮೇಡಂ. ತಾವೇ ಒಮ್ಮೆ ಪರೀಕ್ಷಿಸಿ ಕೆಲಸಕ್ಕೆ ಕೈ ಹಾಕಿದ ಆ ಮೆಕ್ಯಾನಿಕ್ ಅವರನ್ನು ಬಿಡಬೇಡಿ.

ಉಳಿದಿರುವುದು ಎರಡನೆಯ ರಿಂಗಿನ ಸವೆತವೇ ಎಂದು ತೋರುತ್ತದೆ. ಈಗಲೇ ಬಿಚ್ಚಬೇಕಿಲ್ಲ. ಗೇರ್ ಆಯಿಲ್ ಇದುವರೆಗೆ ಬದಲಿಸಿಲ್ಲವಾದರೆ ಬದಲಿಸಿ. ಗಾಡಿ ಒಂದು ಸುತ್ತು ಓಡಿ ಆಯಿಲ್ ಬೆಚ್ಚಗಿರುವಾಗ, ಗಾಡಿಯನ್ನು ಸಮತಟ್ಟಾಗಿ ಎತ್ತಿ ಹಳೆಯ ಆಯಿಲ್ ಇಳಿಸಲಿ. ಮೊದಲು ಮೇಲಿನ ತುಂಬುವ ಬೋಲ್ಟ್ ಸಡಿಲಿಸಿ ನೋಡಿ, ಆಮೇಲೆ ಕೆಳಗಿನದನ್ನು ಬಿಚ್ಚಬೇಕು. ಎಲ್ಲ ಆಯಿಲ್ ಇಳಿದ ಮೇಲೆ ಮೇಲಿನದು ತುಕ್ಕು ಹಿಡಿದು ತೆಗೆಯಲಾಗದೆ ಗಾಡಿ ಅಲ್ಲೇ ನಿಂತದ್ದನ್ನು ನಾನು ಕಂಡಿದ್ದೇನೆ. ಇಳಿದ ಆಯಿಲನ್ನು ಬಿಳಿ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಓರೆಯಾಗಿ ನೋಡಿ. ಚಿನ್ನದ ಪುಡಿಯಂತೆ ಮಿನುಗುವುದು ರಿಂಗಿನ ಹಿತ್ತಾಳೆ. ತುಸು ಮಿನುಗಿದರೆ ವಯಸ್ಸಿಗೆ ತಕ್ಕದ್ದೇ. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಕಪ್ಪು ಕೆಸರಿನಂತೆ ಅಂಟಿರುವುದು ಉಕ್ಕು, ಅದೂ ಇರುವುದೇ. ಹಲ್ಲಿನ ಚೂರು ಕೈಗೆ ಸಿಕ್ಕರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಿಸಿ.

ಘಾಟಿಯಲ್ಲಿ ಹೀಗೆ ಮಾಡಿ. ತಿರುವಿನೊಳಗೆ ಹೋಗಿ ಗೇರು ಇಳಿಸಬೇಡಿ, ತಿರುವು ಕಂಡ ಕೂಡಲೇ, ಸ್ಟಿಯರಿಂಗ್ ಇನ್ನೂ ನೇರವಿರುವಾಗಲೇ ಇಳಿಸಿ. ಕ್ಲಚ್ ಒತ್ತಿ ಲಿವರನ್ನು ಮೂರರಿಂದ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡಿ, ಆಕ್ಸಿಲರೇಟರನ್ನು ಒಮ್ಮೆ ಹಗುರವಾಗಿ ತಟ್ಟಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ತನ್ನಿ. ಆ ತಟ್ಟು ಶಾಫ್ಟನ್ನು ಮೇಲಕ್ಕೆ ಏರಿಸಿಕೊಡುತ್ತದೆ, ರಿಂಗಿಗೆ ಕೆಲಸವೇ ಉಳಿಯುವುದಿಲ್ಲ. ನಮ್ಮ ಹಿರಿಯ ಚಾಲಕರು ಸಿಂಕ್ರೊ ಇಲ್ಲದ ಗಾಡಿಗಳನ್ನು ಓಡಿಸಿದ್ದು ಹೀಗೆಯೇ. ಮೊದಲು ಊರಿನ ಖಾಲಿ ರಸ್ತೆಯಲ್ಲಿ ಕಾಲಿಗೆ ಅಭ್ಯಾಸ ಮಾಡಿಸಿ, ನಂತರ ಘಾಟಿಗೆ ಹೋಗಿ. ಗೇರು ಬದಲಿಸದಿರುವಾಗ ಲಿವರಿನ ಮೇಲೆ ಕೈ ಇಡಬೇಡಿ, ಕ್ಲಚ್ ಮೇಲೆ ಕಾಲಿಡಬೇಡಿ.

ಒಂದು ವಾರ ಕಳೆದ ಮೇಲೆ ಅದೇ ಜಾಗಕ್ಕೆ ಮತ್ತೆ ಟಿಶ್ಯೂ ಒತ್ತಿ ನೋಡಿ, ಡಬ್ಬಿಯ ಮಟ್ಟವನ್ನೂ ನೋಡಿ. ಎರಡೂ ಸರಿಯಿದ್ದರೆ ಅಮ್ಮನನ್ನು ಕರೆದುಕೊಂಡು ನಿಶ್ಚಿಂತೆಯಿಂದ ಹೊರಡಬಹುದು.